ಸಾಲು ಬಿಟ್ಟವರು ಸಾಲಿನ ಕೊನೆಗೆ

ಟಿಕೆಟ್ ಎಂದರೆ ಏನು? ಕಿಟಕಿಯ ಒಳಗೊಬ್ಬ, ಹೊರಗೊಬ್ಬ, ನಡುವೆ ಅಂಗೈ ಹಿಡಿಸುವಷ್ಟು ಒಂದು ಕಂಡಿ. ಹೊರಗಿನವನು ಕೈ ತೂರಿಸಬೇಕು, ಒಳಗಿನವನು ಒಂದು ಸಲ ಗದರಬೇಕು, ಅದಾದ ಮೇಲೆ ಚೀಟಿ ಹೊರಗೆ ಬರಬೇಕು. ಆಗ ಅದು ಟಿಕೆಟ್. ಇದರಲ್ಲಿ ಒಂದು ತಪ್ಪಿದರೂ, ಮುಖ್ಯವಾಗಿ ಆ ಗದರಿಕೆ ತಪ್ಪಿದರೆ, ಅದು ಬರೀ ಕಾಗದದ ಚೂರು. ಇದು ನಮ್ಮ ಕ್ಯೂ ಸಾಹೇಬರ ಸಿದ್ಧಾಂತ. ಸಿದ್ಧಾಂತ ಎಂದ ಮೇಲೆ ಅದಕ್ಕಾಗಿ ಯಾರಾದರೂ ಕಷ್ಟಪಡಬೇಕಲ್ಲ, ಅವರ ಹೆಂಡತಿ ಪಟ್ಟರು.

ಕ್ಯೂ ಸಾಹೇಬರು ಬಸ್ ನಿಲ್ದಾಣದ ಮುಂಗಡ ಬುಕಿಂಗಿನ ಎರಡನೇ ಕಿಟಕಿಯಲ್ಲಿ ಮೂವತ್ತನಾಲ್ಕು ವರ್ಷ ಕೂತು, ಎರಡು ಕುರ್ಚಿ ಮುರಿದು, ಮೂರನೆಯದರಿಂದ ನಿವೃತ್ತರಾದವರು. ಅವರ ಕಿಟಕಿಯ ಮುಂದೆ ಸಾಲು ಎಂದರೆ ದಾರ ಹಿಡಿದು ಗೆರೆ ಎಳೆದ ಹಾಗೆ. "ಸಾಲಲ್ಲಿ ಬನ್ನಿ!" ಎಂದು ಒಳಗಿನಿಂದ ಒಂದು ಸಲ ಗುಡುಗಿದರೆ ಬೆಂಚಿನ ಮೇಲೆ ಮಲಗಿದವರೂ ಎದ್ದು ಬಂದು ಸೇರುತ್ತಿದ್ದರು. (ಅವರಿಗೆ ಯಾವ ಊರಿಗೂ ಹೋಗುವುದಿರಲಿಲ್ಲ. ಆದರೂ ಸೇರುತ್ತಿದ್ದರು.) ಒಂಬತ್ತಕ್ಕೆ ಕಿಟಕಿ ಮುಚ್ಚಬೇಕೆಂದರೆ ಒಂಬತ್ತಕ್ಕೇ. ಎದುರಿಗೆ ಮಂತ್ರಿಯ ಮಾವ ನಿಂತಿದ್ದರೂ ಸರಿ, ಸ್ವಂತ ಮಾವ ನಿಂತಿದ್ದರೂ ಸರಿ.

ಸ್ವಂತ ಹೆಂಡತಿ ನಿಂತಿದ್ದರೂ ಸರಿ. ಇದು ಮಾತಿಗೆ ಹೇಳಿದ್ದಲ್ಲ, ನಡೆದದ್ದೇ. ಮದುವೆಯಾಗಿ ಆಗಿನ್ನೂ ನಾಲ್ಕು ತಿಂಗಳು. ಹೆಂಡತಿಗೆ ಪಕ್ಕದ ಊರಿನಲ್ಲಿ ಹೊಲಿಗೆ ಟೀಚರ್ ಪರೀಕ್ಷೆ. ಗಂಡನಿಗೆ ತಿಂಡಿ ಮಾಡಿಟ್ಟು, ಡಬ್ಬಿ ಕಟ್ಟಿಕೊಟ್ಟು, ಪಾತ್ರೆ ತೊಳೆದು, ಕತ್ತರಿ ಟೇಪು ಚೀಲಕ್ಕೆ ತುರುಕಿಕೊಂಡು ಓಡೋಡಿ ಬರುವ ಹೊತ್ತಿಗೆ ನಿಲ್ದಾಣದ ಗಡಿಯಾರ ಒಂಬತ್ತು ಹೊಡೆಯಿತು. ಕಂಡಿಗೆ 'ಮುಚ್ಚಿದೆ' ಎಂಬ ಹಲಗೆ ಅಡ್ಡ ಬಂತು. ಆಕೆ ಗಾಜು ತಟ್ಟಿದರು. ಸಾಹೇಬರು ತಲೆ ಎತ್ತದೆ ಪೆನ್ನಿನ ತುದಿಯಿಂದ ಹಲಗೆ ತೋರಿಸಿ, "ಸಮಯ ಆಯ್ತು. ಮುಂದಿನ ಗಾಡಿಗೆ ಬನ್ನಿ" ಎಂದರು. ಹೆಂಡತಿ ಎಂದು ಗೊತ್ತಾಗಿತ್ತೋ ಇಲ್ಲವೋ ಎಂಬುದು ಆ ಮನೆಯಲ್ಲಿ ಇವತ್ತಿಗೂ ಇತ್ಯರ್ಥವಾಗಿಲ್ಲ.

ಮುಂದಿನ ಗಾಡಿಗೆ ಹೋದ ಟೀಚರಮ್ಮ ನಲವತ್ತು ನಿಮಿಷ ತಡವಾಗಿ ಪರೀಕ್ಷೆಯ ಕೋಣೆ ಸೇರಿದರು. ಅಷ್ಟರಲ್ಲಿ ಪರೀಕ್ಷಕರು ದೂರದೇಶದ ಮ್ಯೂಸಿಯಂ ಒಂದರಲ್ಲಿರುವ ಹಳೇ ಕೋಟಿನ ತೋಳನ್ನು ಹೇಗೆ ಕೂಡಿಸಿದ್ದಾರೆಂದು ಎಲ್ಲರಿಗೂ ಕಾಗದದ ಮೇಲೆ ಬಿಡಿಸಿ ತೋರಿಸಿ, ಅದನ್ನು ಮಡಚಿ, ಚಹಾ ಕುಡಿಯುತ್ತಿದ್ದರು. ಟೀಚರಮ್ಮನಿಗೆ ಸಿಕ್ಕಿದ್ದು ಪುಸ್ತಕದಲ್ಲಿದ್ದ ಚಿತ್ರ ಮಾತ್ರ. ಚಿತ್ರದಲ್ಲಿ ಮೈ, ತೋಳು ಎಲ್ಲ ಒಂದೇ ಬಟ್ಟೆ. ಕಂಕುಳಲ್ಲಿ ಹೊಲಿಗೆಯ ಗುರುತೇ ಇಲ್ಲ. ಪರೀಕ್ಷೆಯೇನೋ ಪಾಸಾಯಿತು. ಆದರೆ ಮೂವತ್ತು ವರ್ಷ ಮಕ್ಕಳಿಗೆ, "ಆ ಕೋಟಿನ ಕಂಕುಳಲ್ಲಿ ಹೊಲಿಗೇನೇ ಇಲ್ಲ ಕಣ್ರೇ, ಅದು ಹೆಚ್ಚುಗಾರಿಕೆ" ಎಂದು ಹೇಳಿಕೊಟ್ಟರು, ತಾವೂ ಹತ್ತು ಸಲ ಹಾಗೆ ಹೊಲಿದು ನೋಡಿದರು. ಹತ್ತು ಸಲವೂ ಕೈ ಮೇಲಕ್ಕೆ ಬರಲಿಲ್ಲ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಹಾಗಾದ್ರೆ ಆ ಕೋಟು ಹಾಕ್ಕೊಂಡೋರು ಕೈ ಎತ್ತೋದು ಹೇಗೆ ಟೀಚರ್?" ಎಂದು ಕೇಳಿಬಿಟ್ಟಳು. ಟೀಚರಮ್ಮ ಕರಿಹಲಗೆ ಒರೆಸಿ ಬೇರೆ ಪಾಠ ಶುರುಮಾಡಿದರು. ಆ ಪ್ರಶ್ನೆ ಮಾತ್ರ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಉಳಿದುಕೊಂಡಿತು.

ಹೀಗಿರುವಾಗ ಮಗಳು ಒಂದು ದಿನ ಫೋನು ಹಿಡಿದುಕೊಂಡು ಓಡಿ ಬಂದಳು. "ಅಮ್ಮಾ, ನಿನ್ನ ಕೋಟು! ಅಲ್ಲಿನ ಮ್ಯೂಸಿಯಂನಲ್ಲಿ ಈ ಸಲ ಒಳಗು ಹೊರಗು ಮಾಡಿ ಇಟ್ಟಿದಾರಂತೆ. ಹೊಲಿಗೆಯೆಲ್ಲ ಕಾಣೋ ಹಾಗೆ. ಎರಡು ತಿಂಗಳು ಮಾತ್ರ." ಮಗಳೇ ಮುಂದೆ ನಿಂತು ನಾಲ್ಕು ದಿನದ ಪ್ರವಾಸ ಗೊತ್ತುಮಾಡಿದಳು. ವಿಮಾನ ಆಯಿತು, ರೂಮು ಆಯಿತು. "ಅಪ್ಪಾ, ಮ್ಯೂಸಿಯಂ ಟಿಕೆಟ್ಟೂ ಈಗಲೇ ಫೋನಲ್ಲಿ ತಗೊಂಡ್ಬಿಡ್ತೀನಿ. ಅಲ್ಲಿ ಹೋಗಿ ನಿಂತ್ರೆ ಸಿಗಲ್ವಂತೆ."

ಸಾಹೇಬರ ಮೀಸೆ ನೆಟ್ಟಗಾಯಿತು.

"ಯಾರಿಗೆ ಸಿಗಲ್ಲ?"

"ಯಾರಿಗೂ ಸಿಗಲ್ವಂತಪ್ಪಾ."

"ಮೂವತ್ತನಾಲ್ಕು ವರ್ಷ ಟಿಕೆಟ್ ಮಾರಿದೋನಿಗೆ ಟಿಕೆಟ್ ತಗೊಳ್ಳೋದು ಹೇಳಿಕೊಡ್ತೀಯಾ? ಮೀನಿನ ಮುಂದೆ ಈಜಿನ ಪಾಠ! ಎಲ್ಲ ಕಿಟಕೀಲೂ ನಾಲ್ಕು ಟಿಕೆಟ್ ಎತ್ತಿಟ್ಟಿರ್ತಾರೆ, ತಿಳ್ಕೋ. ನಾನೇ ಎತ್ತಿಡ್ತಿದ್ದೆ. ಡ್ರಾಯರ್‌ನಲ್ಲಿ, ಸ್ಟಾಂಪ್ ಪ್ಯಾಡಿನ ಕೆಳಗೆ."

"ಅದು ಬಸ್ಸು, ಇದು ಮ್ಯೂಸಿಯಂ..."

"ಕಿಟಕಿ ಕಿಟಕೀನೇ!"

ಮಗಳು ಅಷ್ಟಕ್ಕೂ ಬಿಡದೆ ಫೋನು ಅವರ ಕೈಗೇ ಕೊಟ್ಟು, ನೀವೇ ನೋಡಿ ಎಂದಳು. ಸಾಹೇಬರು ಕನ್ನಡಕ ಹಾಕಿಕೊಂಡು ಬೆರಳಿನಿಂದ ಒತ್ತುತ್ತ ಹೋದರು. ಮೂರನೆಯ ಪುಟದಲ್ಲಿ ಆ ಯಂತ್ರ, ಟಿಕೆಟ್ ಬೇಕಾದರೆ ತಾವು ಮನುಷ್ಯರೆಂದು ಸಾಬೀತುಮಾಡಿ ಎಂದಿತು. ಮುಗಿಯಿತು! ಪಿತ್ತ ನೆತ್ತಿಗೇರಿತು. ಇಷ್ಟು ವರ್ಷದ ಸೇವೆಯಲ್ಲಿ ಕಿಟಕಿಯ ಆಚೆಯಿಂದ "ನೀನೂ ಒಬ್ಬ ಮನುಷ್ಯನಾ?" ಎಂದು ಕೇಳಿದವರು ನೂರಾರು. ಆದರೆ ಸಾಕ್ಷಿ ಕೇಳಿದವರು ಒಬ್ಬರೂ ಇರಲಿಲ್ಲ. ಸಾಹೇಬರು ಫೋನನ್ನು ಸತ್ತ ಇಲಿ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಕೊಟ್ಟರು.

"ಟಿಕೆಟ್ ವಿಚಾರ ನನಗೆ ಬಿಡಿ. ಯಾರೂ ಬಾಯಿ ಹಾಕ್ಬೇಡಿ."

ಟೀಚರಮ್ಮ ಬಾಯಿ ಹಾಕಲಿಲ್ಲ. ಅವರ ಬಾಯಲ್ಲಿ ಆಗ ನಾಲ್ಕು ಗುಂಡುಸೂಜಿಗಳಿದ್ದವು. ಗಂಡ ಹೊರದೇಶಕ್ಕೆ ಹಾಕಿಕೊಂಡು ಹೋಗಲೆಂದು ಕಡುನೀಲಿ ಕೋಟೊಂದನ್ನು ಕತ್ತರಿಸಿ ಅಳತೆ ನೋಡುತ್ತಿದ್ದರು. ಆ ಬಟ್ಟೆಯ ಕಥೆಯೂ ಹೀಗೆಯೇ. ಅಂಗಡಿಯಲ್ಲಿ ಟೀಚರಮ್ಮ ಎರಡೂಮುಕ್ಕಾಲು ಮೀಟರ್ ಕೇಳಿದರು. ಸಾಹೇಬರು ಗೋಡೆಗೆ ಅಂಟಿಸಿದ್ದ ಪಟ್ಟಿ ಓದಿ, "ಎರಡೂಕಾಲು ಅಂತ ಬರೆದಿದೆ. ರೂಲು ಅಂದ್ರೆ ರೂಲು" ಎಂದರು.

"ಪಟ್ಟಿ ಬರೆದೋರು ನಿಮ್ಮ ಹೊಟ್ಟೆ ನೋಡಿಲ್ಲ ರೀ."

"ಹೊಟ್ಟೆ ನೋಡಿ ರೂಲು ಮಾಡೋಕಾಗುತ್ತಾ?"

ಎರಡೂಕಾಲೇ ಬಂತು. ಟೀಚರಮ್ಮ ಅಲ್ಲಿ ಎಳೆದು ಇಲ್ಲಿ ಕೂಡಿಸಿ ಹೇಗೋ ಕೋಟು ಮುಗಿಸಿ, ಹಿತ್ತಾಳೆ ಗುಂಡಿ ಹಚ್ಚಿದರು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತ ಸಾಹೇಬರು ಸಂತೋಷಪಟ್ಟರೂ, "ಗುಂಡಿ ಸ್ವಲ್ಪ ಜಾಸ್ತಿ ಹೊಳೀತಿದೆ" ಎಂದು ಒಂದು ಆಕ್ಷೇಪಣೆ ದಾಖಲಿಸಿದರು.

ಹೊರದೇಶಕ್ಕೆ ಇಳಿದ ಮೊದಲನೇ ದಿನ ಹನ್ನೊಂದು ಗಂಟೆಗೆ ಮ್ಯೂಸಿಯಂ ತಲುಪಿದರು. ಕಲ್ಲಿನ ಕಟ್ಟಡ, ಅಗಲವಾದ ಮೆಟ್ಟಿಲು, ಪಕ್ಕದಲ್ಲಿ ಒಂದೇ ಒಂದು ಟಿಕೆಟ್ ಕಿಟಕಿ. ಕಿಟಕಿ ಕಂಡದ್ದೇ ಸಾಹೇಬರಿಗೆ ತವರಿಗೆ ಬಂದಷ್ಟು ಹಿಗ್ಗಾಯಿತು. ಒಳಗೆ ಕತ್ತರಿಸಿದ ಕೂದಲಿನ ಹೆಂಗಸೊಬ್ಬಳು ಕೂತಿದ್ದಳು. ಸಾಹೇಬರು ಕಂಡಿಗೆ ಬಾಯಿಟ್ಟು ಗುಟ್ಟು ಹೇಳುವ ದನಿಯಲ್ಲಿ, "ಮೇಡಂ, ಟೂ. ಡ್ರಾಯರ್ ಟಿಕೆಟ್" ಎಂದರು. ಅವಳು ತಲೆ ಎತ್ತದೆ ಪೆನ್ನಿನಿಂದ ಹಲಗೆ ತೋರಿಸಿದಳು. ನಾಲ್ಕು ಭಾಷೆಯಲ್ಲಿ ಒಂದೇ ಸಮಾಚಾರ: ಟಿಕೆಟ್ಟುಗಳೆಲ್ಲ ಫೋನಿನಲ್ಲಿ ಮಾರಿಹೋಗಿವೆ, ಇನ್ನು ಮೂರು ವಾರ ಕಾಯಬೇಕು.

"ನಾನೂ ನಿನ್ನ ಜಾತಿಯವನೇ ತಾಯಿ, ಬುಕಿಂಗು!" ಎಂದು ಎದೆ ತಟ್ಟಿಕೊಂಡು ತೋರಿಸಿದರು. ಅವಳು ಎದೆನೋವು ಎಂದುಕೊಂಡಳೋ ಏನೋ, ಔಷಧಿ ಅಂಗಡಿಯ ದಾರಿ ತೋರಿಸಿದಳು.

"ಸೊಕ್ಕು ನೋಡೇ ಅವಳದ್ದು!" ಸಾಹೇಬರು ಮೆಟ್ಟಿಲಿಳಿಯುತ್ತ ಕುದಿದರು. "ದೂರದಿಂದ ಬಂದಿದಾರೆ, ವಯಸ್ಸಾಗಿದೆ, ಒಂದು ಸಲ ಮುಖ ಎತ್ತಿ ನೋಡಿದ್ರೆ ಗಂಟು ಹೋಗ್ತಿತ್ತಾ? ಪೆನ್ನು ತೋರಿಸ್ತಾಳಂತೆ, ಪೆನ್ನು! ಮನುಷ್ಯತ್ವ ಬೇಡ್ವಾ?"

"ಬೇಕಿತ್ತು" ಎಂದರು ಟೀಚರಮ್ಮ. ಅಷ್ಟೇ ಅಂದರು. ಬಾಗಿಲ ಪಕ್ಕದ ಅಂಗಡಿಯಲ್ಲಿ ಆ ಕೋಟಿನ ಚಿತ್ರವಿದ್ದ ಒಂದು ಕಾರ್ಡು ಕೊಂಡರು. ಮುಂಭಾಗ ಮಾತ್ರ ಇತ್ತು. ಹಿಂದೆ ತಿರುಗಿಸಿ ನೋಡಿದರು; ವಿಳಾಸ ಬರೆಯುವ ಗೆರೆಗಳಿದ್ದವು. ರೂಮಿಗೆ ಬಂದು ಅದನ್ನು ಹಾಸಿಗೆಯ ಪಕ್ಕದ ದೀಪಕ್ಕೆ ಒರಗಿಸಿಟ್ಟು ಬಹಳ ಹೊತ್ತು ಅದರ ಕಂಕುಳನ್ನೇ ನೋಡುತ್ತ ಕೂತರು. ಸಾಹೇಬರು ನೋಡಿಯೂ ನೋಡದವರಂತೆ ಗೋಡೆಯ ಕಡೆ ತಿರುಗಿ ಮಲಗಿದರು. ಮೀನಿಗೆ ಆ ಹೊತ್ತು ಸ್ವಲ್ಪ ಉಸಿರು ಕಟ್ಟಿತ್ತು.

ಎರಡನೇ ದಿನ ಮ್ಯೂಸಿಯಂಗೆ ವಾರದ ರಜೆ. "ರಜೆ ಅಂತ ಮೊದಲೇ ಬೋರ್ಡು ಹಾಕಬೇಡ್ವಾ?" ಎಂದು ಸಾಹೇಬರು ಕೂಗಾಡಿದರು. ಬೋರ್ಡು ಹಾಕಿತ್ತು. ಅವರು ಅದಕ್ಕೇ ಒರಗಿಕೊಂಡು ಕೂಗಾಡುತ್ತಿದ್ದರು.

ಆದರೆ ದೇವರು ದೊಡ್ಡವನು. ಗೇಟಿನಲ್ಲಿದ್ದ ಕಾವಲುಗಾರನಿಗೆ ಸಾಹೇಬರ ಮೇಲೆ ಅದೇಕೋ ವಿಶ್ವಾಸ ಹುಟ್ಟಿತು. ಅವನೂ ಕಡುನೀಲಿ ಕೋಟು, ಹಿತ್ತಾಳೆ ಗುಂಡಿ. ಇಬ್ಬರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿಕೊಂಡು ತಲೆಯಾಡಿಸಿದರು. ಅವನು ಮುರುಕು ಇಂಗ್ಲಿಷಿನಲ್ಲಿ, ಉಳಿದದ್ದನ್ನು ಬೆರಳಿನಲ್ಲಿ ವಿವರಿಸಿದ: ದಿನಾ ಬೆಳಿಗ್ಗೆ ಹತ್ತಕ್ಕೆ, ಇದೇ ಕಿಟಕಿಯಲ್ಲಿ, ಇಪ್ಪತ್ತೇ ಇಪ್ಪತ್ತು ಟಿಕೆಟ್. ಸಾಲಿನಲ್ಲಿ ಖುದ್ದಾಗಿ ನಿಂತವರಿಗೆ, ತಲೆಗೊಂದು.

"ಹೇಳಲಿಲ್ವೇನೇ! ಡ್ರಾಯರ್! ಸ್ಟಾಂಪ್ ಪ್ಯಾಡಿನ ಕೆಳಗೆ!" ಸಾಹೇಬರು ರಸ್ತೆಯ ಮಧ್ಯೆ ಕುಣಿಯುವುದೊಂದು ಬಾಕಿ. "ಆ ನಿನ್ನ ಮಗಳಿಗೆ ಫೋನು ಮಾಡಿ ಹೇಳು, ಅಪ್ಪ ಏನು ಅಂತ!"

"ನಾಳೆ ಟಿಕೆಟ್ ಕೈಗೆ ಬರ್ಲಿ ರೀ. ನಾಳೇದು ಕೊನೇ ದಿನ. ನಾಡಿದ್ದು ಬೆಳಿಗ್ಗೆ ವಿಮಾನ." ಟೀಚರಮ್ಮನ ದನಿ ಸಣ್ಣಗಿತ್ತು. "ಅದೊಂದು ನೋಡ್ಕೊಂಡು ಹೋದ್ರೆ ನನಗೆ ಬೇರೇನೂ ಬೇಡ. ನೀವು ಮಾತ್ರ ದಯವಿಟ್ಟು ಯಾರ ಜೊತೆಗೂ ಜಗಳ ತೆಗೀಬೇಡಿ."

"ನಾನ್ಯಾಕೆ ಜಗಳ ತೆಗೀಲಿ?" ಎಂದು ಸಾಹೇಬರು ಜಗಳ ತೆಗೆದರು.

ಕೊನೆಯ ದಿನ ಬೆಳಿಗ್ಗೆ ಏಳಕ್ಕೇ ಹೋಗಿ ನಿಂತರು. ಹದಿನೈದನೆಯವರು ಸಾಹೇಬರು, ಹದಿನಾರನೆಯವರು ಟೀಚರಮ್ಮ. ಸಾಹೇಬರು ಮುಂದಿನವರನ್ನು ಮೂರು ಸಲ ಎಣಿಸಿದರು. ಇಪ್ಪತ್ತರೊಳಗೆ ಬಂದಿದ್ದೇವೆ, ಇನ್ನೇನು! ಟೀಚರಮ್ಮ ಚೀಲದಿಂದ ಕನ್ನಡಕ, ಪೆನ್ಸಿಲ್, ಚಿಕ್ಕ ನೋಟು ಪುಸ್ತಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರ ಮುಖದಲ್ಲಿ ಪರೀಕ್ಷೆಗೆ ಹೊರಟ ಹುಡುಗಿಯ ಕಳೆ ಬಂದಿತ್ತು.

ಎಂಟೂವರೆಯವರೆಗೆ ಎಲ್ಲ ಸರಿ ಇತ್ತು. ಆಮೇಲೆ ಫೋನಿನಲ್ಲಿ ಟಿಕೆಟ್ ತೆಗೆದವರು ಬರತೊಡಗಿದರು. ಅವರ ಬಾಗಿಲು ಬೇರೆ. ಆದರೆ ಅವರು ಬಂದು ಈ ಸಾಲಿಗೆ ಅಂಟಿಕೊಂಡರು. ಈ ಸಾಲಿನ ಬಾಲದವರು ಆ ಬಾಗಿಲಿಗೆ ಹೋಗಿ ನಿಂತರು. ಒಂದು ಕುಟುಂಬವಂತೂ ಎರಡರಲ್ಲೂ ಒಂದೊಂದು ಕಾಲಿಟ್ಟಿತ್ತು. ಹೆಗಲ ಚೀಲದವರು, ಕೈಗೂಸಿನವರು, ಐಸ್‌ಕ್ರೀಮಿನವರು ಎಲ್ಲ ಸೇರಿ ಸಾಲು ಎಂಬುದು ಸಿಕ್ಕುಬಿದ್ದ ನೂಲುಂಡೆಯಾಯಿತು. ಕಾವಲುಗಾರ ಒಬ್ಬನೇ ಪಾಪ, ಹಗ್ಗದ ತುದಿ ಹಿಡಿದು ಅತ್ತ ಇತ್ತ ಓಡುತ್ತಿದ್ದ.

ಸಾಹೇಬರ ಕೈ ಕಾಲು ತುರಿಸತೊಡಗಿದವು. ಎಂಥ ಅವ್ಯವಸ್ಥೆ! ಎಂಥ ಅನಾಚಾರ! ಇದನ್ನು ಕಣ್ಣಾರೆ ನೋಡಿಕೊಂಡು ಸುಮ್ಮನಿರುವುದು ಮೂವತ್ತನಾಲ್ಕು ವರ್ಷದ ಉಪ್ಪು ತಿಂದ ದೇಹಕ್ಕೆ ಸಾಧ್ಯವೇ?

"ಬೇಡ ರೀ" ಎಂದರು ಟೀಚರಮ್ಮ, ನೋಟು ಪುಸ್ತಕದಿಂದ ಕಣ್ಣೆತ್ತದೆ.

"ನಾನೇನಂದೆ?"

"ನೀವು ಅನ್ನಲಿಲ್ಲ, ನಿಮ್ಮ ಕುತ್ತಿಗೆ ನರ ಅಂತು."

ಅಷ್ಟರಲ್ಲಿ ಕಾವಲುಗಾರ ಇವರ ಹತ್ತಿರವೇ ಬಂದ. ಕೋಟು ನೋಡಿದ, ಗುಂಡಿ ನೋಡಿದ, ನಿನ್ನೆಯ ನಗು ನಕ್ಕ. ಕಾಫಿ ಕುಡಿಯುವ ಸನ್ನೆ ಮಾಡಿ, ಹಗ್ಗದ ಕೊಕ್ಕೆಯನ್ನು ಸಾಹೇಬರ ಕೈಗಿಟ್ಟು ಹೊರಟೇ ಹೋದ. ಇನ್ನು ಕೇಳಬೇಕೆ? ಹಸಿದವನ ಮುಂದೆ ಎಲೆ ಹಾಕಿ ಬಡಿಸಿದ ಹಾಗಾಯಿತು. ಸಾಹೇಬರು ಸಾಲಿನಿಂದ ಹೊರಗೆ ಬಂದು, ಮೆಟ್ಟಿಲ ಮೇಲೆ ನಿಂತು, ಬಲಗೈ ಆಕಾಶಕ್ಕೆತ್ತಿ ಗುಡುಗಿದರು.

"ಸಾಲಲ್ಲಿ ಬನ್ನಿ!"

ಭಾಷೆ ಯಾವುದಾದರೇನು, ಗುಡುಗು ಗುಡುಗೇ. ಇಡೀ ಅಂಗಳ ಗಪ್ಪಾಯಿತು. ಎಡಗೈ ಎತ್ತಿದರೆ ಫೋನಿನವರು ಎಡಕ್ಕೆ. ಬಲಗೈ ಎತ್ತಿದರೆ ಕಿಟಕಿಯವರು ಬಲಕ್ಕೆ. ಎರಡೂ ಕೈ ಎತ್ತಿದರೆ ಎಲ್ಲರೂ ಒಂದು ಹೆಜ್ಜೆ ಹಿಂದಕ್ಕೆ. ಐಸ್‌ಕ್ರೀಮು ಮುಗಿಯುವವರೆಗೆ ಪಕ್ಕಕ್ಕೆ! ಚೀಲ ಕೆಳಕ್ಕೆ! ಹತ್ತೇ ನಿಮಿಷದಲ್ಲಿ ಎರಡು ಸಾಲು, ದಾರ ಹಿಡಿದ ಹಾಗೆ. ಜನ ಅವರನ್ನು ನೋಡಿ ನಗುತ್ತಿದ್ದರು. ಒಬ್ಬ ಪುಟ್ಟ ಹುಡುಗಿ ಬೆರಳು ಮಾಡಿ ತಾಯಿಗೆ ತೋರಿಸಿದಳು. ತಾಯಿಯೂ ನಕ್ಕಳು. ಕೆಲವರು ಚಿತ್ರ ತೆಗೆದುಕೊಂಡರು. ಸಾಹೇಬರಿಗೆ ಕಣ್ಣು ತುಂಬಿ ಬಂತು. ತಮ್ಮ ನಿಲ್ದಾಣದಲ್ಲಿ ಒಬ್ಬನಾದರೂ ಹೀಗೆ ಮೆಚ್ಚಿ ನಕ್ಕಿದ್ದನೇ? ಹಿತ್ತಿಲ ಗಿಡ ಮದ್ದಲ್ಲ, ಗುಣಕ್ಕೆ ಬೆಲೆ ಹೊರದೇಶದಲ್ಲೇ! ಅವರು ಕೈಯನ್ನು ಇನ್ನಷ್ಟು ಎತ್ತರಕ್ಕೆ ಎತ್ತಿದರು.

ಆಗ ಬಂದ ಹಳದಿ ಮಫ್ಲರಿನವನು. ಅವನು ಬೆಳಗಿನಿಂದ ಒಂಬತ್ತನೆಯವನಾಗಿ ಹೆಂಡತಿಯ ಜೊತೆ ನಿಂತಿದ್ದವನೇ. ಹೆಂಡತಿಗೆ ಚಳಿಯೆಂದು ಎರಡು ಲೋಟ ಕಾಫಿ ತರಲು ಹೋಗಿದ್ದ. ಲೋಟಗಳನ್ನು ತುಳುಕಿಸದಂತೆ ಹಿಡಿದುಕೊಂಡು ತನ್ನ ಜಾಗಕ್ಕೆ ನುಸುಳಲು ನೋಡಿದ. ಸಾಹೇಬರು ಹಗ್ಗ ಅಡ್ಡ ಹಿಡಿದರು.

"ಲೈನ್ ಲೀವ್, ಲಾಸ್ಟ್ ಗೋ!"

ಅವನು ಹೆಂಡತಿಯನ್ನು ತೋರಿಸಿದ, ಕಾಫಿ ತೋರಿಸಿದ, ತನ್ನ ಬೋಳುತಲೆ ತೋರಿಸಿದ. ಸಾಹೇಬರು ಕರಗಲಿಲ್ಲ. ಇಡೀ ಸಾಲಿನತ್ತ ತಿರುಗಿ, "ಲೈನ್ ಲೀವ್..." ಎಂದು ಶಾಲೆಯ ಮಗ್ಗಿಯ ಹಾಗೆ ಹೇಳಿದರು. ಸಾಲು ಉತ್ಸಾಹದಿಂದ, "ಲಾಸ್ಟ್ ಗೋ!" ಎಂದಿತು. ಮಫ್ಲರಿನವನು ತಲೆ ತಗ್ಗಿಸಿ, ಎರಡು ಲೋಟ ಹಿಡಿದುಕೊಂಡೇ ಸಾಲಿನ ಬಾಲಕ್ಕೆ ನಡೆದ.

"ಪಾಪ ರೀ, ಹೆಂಡ್ತಿಗೆ ಕಾಫಿ ತರೋಕೆ ಹೋಗಿದ್ದು" ಎಂದರು ಟೀಚರಮ್ಮ.

"ರೂಲಿಗೆ ಹೆಂಡ್ತಿ ಇಲ್ಲ ಕಣೇ!"

ಟೀಚರಮ್ಮ ಗಂಡನನ್ನು ಒಂದು ಕ್ಷಣ ನೋಡಿ, ಪೆನ್ಸಿಲಿನ ಮೊನೆ ಸರಿಮಾಡಿಕೊಂಡರು.

ಹತ್ತು ಹೊಡೆಯಿತು. ಕಿಟಕಿ ತೆರೆಯಿತು. ಕಾವಲುಗಾರ ಮೂತಿ ಒರೆಸಿಕೊಂಡು ಬಂದು ಕೊಕ್ಕೆ ವಾಪಸು ತಗೊಂಡ. ಸಾಹೇಬರು ಅವನಿಗೊಂದು ಸಲಾಮು ಹೊಡೆದು, ಕೈ ಕೊಡವಿಕೊಂಡು, ದಿಗ್ವಿಜಯ ಮುಗಿಸಿದ ಚಕ್ರವರ್ತಿಯ ಗತ್ತಿನಲ್ಲಿ ಹೆಂಡತಿಯ ಮುಂದಿನ ತಮ್ಮ ಜಾಗಕ್ಕೆ ಕಾಲಿಟ್ಟರು.

ಸಾಲಿನ ಬಾಲದಿಂದ ಒಂದು ಕೂಗು ಬಂತು. ನೋಡಿದರೆ ಹಳದಿ ಮಫ್ಲರು. ಅವನಾಡಿದ ಭಾಷೆ ತಿಳಿಯಲಿಲ್ಲ, ಅವನು ಚಾಚಿದ ಬೆರಳು ಚೆನ್ನಾಗಿ ತಿಳಿಯಿತು. ಅದು ಮೊದಲು ಸಾಹೇಬರನ್ನು ತೋರಿಸಿತು, ಆಮೇಲೆ ತನ್ನ ಬೆನ್ನ ಹಿಂದಿನ ಜಾಗವನ್ನು.

"ನಾನು ಡ್ಯೂಟಿ ಮೇಲೆ ಹೋಗಿದ್ದೆ! ಡ್ಯೂಟಿ!" ಎಂದು ಸಾಹೇಬರು ಕೆಂಡವಾದರು.

"ಲೈನ್ ಲೀವ್" ಎಂದ ಮಫ್ಲರಿನವನು, ನಿಧಾನವಾಗಿ.

"ಲಾಸ್ಟ್ ಗೋ!" ಎಂದಿತು ಇಡೀ ಸಾಲು. ಎಂಥ ಶಿಸ್ತು! ಒಂದು ದನಿ ಹಿಂದೆ ಬೀಳಲಿಲ್ಲ. ಕಲಿಸಿದವರು ಯಾರು ಮತ್ತೆ?

ಸಾಹೇಬರು ಹೆಂಡತಿಯ ಕಡೆ ನೋಡಿದರು. "ಏನೇ, ಹೇಳೇ ಇವರಿಗೆ! ನಾನು ನಿನ್ನ ಗಂಡ ಅಂತ ಹೇಳೇ! ಗಂಡ ಅಂತ ಒಬ್ಬ ಬೀದೀಲಿ ನಿಂತು ಬಾಯಿ ಬಡ್ಕೊಳ್ತಿದಾನೆ, ನೀನು ಕನ್ನಡಕ ಒರೆಸ್ಕೊಳ್ತಿದೀಯಲ್ಲೇ!"

ಟೀಚರಮ್ಮ ಕನ್ನಡಕ ಒರೆಸಿ ಹಾಕಿಕೊಂಡರು. ಸಾಲು ಮುಂದೆ ಸರಿಯಿತು. ಅವರೂ ಸರಿದರು. ಕಂಡಿಯೊಳಗೆ ಕೈ ಹಾಕಿದರು, ಚೀಟಿ ಬಂತು. ಅದನ್ನು ನೋಟು ಪುಸ್ತಕದ ನಡುವೆ ಇಟ್ಟುಕೊಂಡು, ಬಾಗಿಲ ಕಡೆ ಹೊರಟವರು ಗಂಡನ ಎದುರಿಗೆ ಬಂದಾಗ ನಿಂತರು. ಕೈಯಲ್ಲಿದ್ದ ಪೆನ್ಸಿಲಿನ ತುದಿಯಿಂದ ಸಾಲಿನ ಬಾಲವನ್ನು ತೋರಿಸಿದರು.

"ಸಮಯ ಆಯ್ತು. ಮುಂದಿನ ಗಾಡಿಗೆ ಬನ್ನಿ."

ಮೂವತ್ತೊಂದು ವರ್ಷದ ಹಿಂದಿನ ಮಾತು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ. ಟೀಚರಮ್ಮ ಸೆರಗು ಸರಿಮಾಡಿಕೊಂಡು ಬಾಗಿಲೊಳಗೆ ಹೋದರು.

ಸಾಹೇಬರು ಬಾಲಕ್ಕೆ ಹೋಗಿ ನಿಂತರು. ಇಪ್ಪತ್ತು ಟಿಕೆಟ್ ಮುಗಿಯಿತು. ಅವರು ಓಡಿ ಹೋಗಿ ಗಾಜು ತಟ್ಟಿದರು. ಒಳಗಿನವಳು ತಲೆ ಎತ್ತದೆ ಪೆನ್ನಿನಿಂದ ಹಲಗೆ ತೋರಿಸಿದಳು. ಹಲಗೆ ಒಂದಿಷ್ಟೂ ಓರೆಯಾಗದೆ ಕಂಡಿಗೆ ಸರಿಯಾಗಿ ಕೂತಿತ್ತು. ಕೆಲಸ ಬಲ್ಲವಳೇ, ಅದನ್ನು ಅಲ್ಲಗಳೆಯುವ ಹಾಗಿರಲಿಲ್ಲ. ಆ ಗಾಜಿನ ಈಚೆ ನಿಂತರೆ ಒಳಗಿನವರ ನಡುನೆತ್ತಿಯ ಬೈತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ ಎಂಬುದು ಸಾಹೇಬರಿಗೆ ಅವತ್ತೇ ಗೊತ್ತಾದದ್ದು. ಇಷ್ಟು ವರ್ಷ ಜನ ತಮ್ಮ ನೆತ್ತಿಯನ್ನೇ ನೋಡಿಕೊಂಡು ವಾಪಸು ಹೋದರಲ್ಲ ಎಂದು ಒಂದು ಥರಾ ಆಯಿತು. ಆದರೂ ಸಿಟ್ಟೇನೂ ಇಳಿಯಲಿಲ್ಲ. ಹೆಂಡತಿಯ ಮೇಲೆ, ಮಫ್ಲರಿನ ಮೇಲೆ, ಫೋನಿನ ಮೇಲೆ, ಇಡೀ ಆ ದೇಶದ ಮೇಲೆ ಹಲ್ಲು ಕಡಿಯುತ್ತ ಮೆಟ್ಟಿಲ ಮೇಲೆ ಕೂತರು.

ಪಕ್ಕದಲ್ಲಿ ಯಾರೋ ಕೂತ ಹಾಗಾಯಿತು. ಹಳದಿ ಮಫ್ಲರು. ಅವನ ಹೆಂಡತಿಯೂ ಒಳಗೆ, ಅವನೂ ಹೊರಗೆ. ಅವನು ಎರಡು ಲೋಟದಲ್ಲಿ ಒಂದನ್ನು ಸಾಹೇಬರತ್ತ ಚಾಚಿದ. ಸಾಹೇಬರು ಬೇಡವೆಂದು ಮುಖ ತಿರುಗಿಸಿದರು. ಐದು ನಿಮಿಷ ಬಿಟ್ಟು ತಗೊಂಡರು. ಕಾಫಿ ತಣ್ಣಗೆ ಕೊರೆಯುತ್ತಿತ್ತು, ಸಕ್ಕರೆಯೂ ಇರಲಿಲ್ಲ. ಇಬ್ಬರು ಗಂಡಂದಿರೂ ಮುಚ್ಚಿದ ಕಿಟಕಿಯನ್ನು ನೋಡಿಕೊಂಡು ಅದನ್ನೇ ಕುಡಿದರು.

ಒಂದು ಗಂಟೆಗೆ ಟೀಚರಮ್ಮ ಹೊರಗೆ ಬಂದರು. ನೋಟು ಪುಸ್ತಕದ ತುಂಬ ಚಿತ್ರ. ಮುಖ ನೋಡಿದರೆ ಮೂವತ್ತು ವರ್ಷ ಎಲ್ಲೋ ಒಳಗೆ ಬಿಟ್ಟು ಬಂದ ಹಾಗಿತ್ತು.

"ಹೊಲಿಗೆ ಇದೆ ರೀ!"

ಸಾಹೇಬರು ಮಾತಾಡಬಾರದೆಂದು ಪ್ರತಿಜ್ಞೆ ಮಾಡಿ ಕೂತಿದ್ದರು. ಆದರೆ ಇದನ್ನು ಬಿಡುವುದುಂಟೆ? "ಹೊಲಿಗೆ ಇದ್ಯಾ? ಹಾಗಾದ್ರೆ ಮೂವತ್ತು ವರ್ಷ ನೀನು ಮಕ್ಕಳಿಗೆ ತಪ್ಪು ಹೇಳ್ಕೊಟ್ಟೆ!"

"ಹೌದು, ತಪ್ಪೇ. ಊರಿಗೆ ಹೋದ ದಿನಾನೇ ಎಲ್ಲರನ್ನೂ ಕರೆದು ಹೇಳ್ತೀನಿ. ಹಿಂದಿನ ಬೆಂಚಿನೋಳು ಈಗ ಎಲ್ಲಿದಾಳೋ, ಹುಡುಕ್ಕೊಂಡು ಹೋಗಿ ಹೇಳ್ತೀನಿ" ಎಂದರು ಟೀಚರಮ್ಮ, ಸಂಭ್ರಮದಿಂದ. ತಪ್ಪನ್ನು ಹೀಗೆ ಬೆಲ್ಲ ಹಂಚುವವರ ಹಾಗೆ ಒಪ್ಪಿಕೊಂಡರೆ ಎದುರಿನವರು ಜಗಳವಾಡುವುದಾದರೂ ಹೇಗೆ?

"ಬಟ್ಟೆ ಸಾಲದೆ ಕಂಕು‍ಳಲ್ಲಿ ಒಂದು ಚೌಕದ ಚೂರು ಕೂಡ್ಸಿದಾರೆ, ಇಷ್ಟೇ ಇಷ್ಟು. ಹೊರಗಿಂದ ಬ್ರಹ್ಮ ಬಂದ್ರೂ ಕಾಣಲ್ಲ. ಕೈ ಎತ್ತೋದು ಅದರಿಂದಾನೇ. ತಮಾಷೆ ಗೊತ್ತಾ, ನಿಮ್ಮ ಕೋಟಿಗೂ ನಾನು ಹಾಗೇ ಮಾಡಿದೀನಿ. ನಿಮ್ಮ ಎರಡೂಕಾಲು ಮೀಟರಲ್ಲಿ ಬಟ್ಟೆ ಎಲ್ಲಿ ಸಾಲುತ್ತೆ? ಚೂರು ಕೂಡಿಸಿ, ಒಳಗಡೆ ಅಸ್ತರಿಗೆ ಹಳೇ ದಿಂಬಿನ ಕವರ್ ಕೊಟ್ಟೆ. ಎಲ್ಲಿ, ಕೈ ಎತ್ತಿ, ನೋಡ್ಕೊಳ್ತೀನಿ."

ಸಾಹೇಬರು ಬಲಗೈ ಎತ್ತಿದರು.

ಟೀಚರಮ್ಮ ಬಗ್ಗಿ ನೋಡಿದರು. ಎಡಗೈ ಎತ್ತಿಸಿದರು. ಅದನ್ನೂ ನೋಡಿದರು. ಹಳದಿ ಮಫ್ಲರಿನವನು ಬಾಯಿಗೆ ಮಫ್ಲರು ಒತ್ತಿಕೊಂಡು ಆಚೆ ತಿರುಗಿದ. ಸಾಹೇಬರು ಕತ್ತು ಬಗ್ಗಿಸಿ ನೋಡಿಕೊಂಡರು. ಎರಡೂ ಕಂಕುಳು ಅಂಗೈಯಗಲ ಹೊಲಿಗೆ ಬಿಟ್ಟುಕೊಂಡಿದ್ದವು. ಒಳಗಿನಿಂದ ದಿಂಬಿನ ಕವರಿನ ಗುಲಾಬಿ ಹೂವುಗಳು, ಒಂದೊಂದು ಕಡೆ ಮೂರು ಮೂರು, ಜಗತ್ತನ್ನು ನೋಡುತ್ತಿದ್ದವು.

"ಬೆಳಿಗ್ಗೆಯಿಂದ..." ಸಾಹೇಬರು ಎರಡೂ ಕೈ ಸರ್ರನೆ ಕೆಳಗಿಳಿಸಿದರು. "ಆ ಜನ ಎಲ್ಲ ನಗ್ತಾ ಇದ್ದಿದ್ದು..."

"ಎರಡನೇ ಸಲ ಕೈ ಎತ್ತಿದಾಗಲೇ ಬಿಡ್ತು ರೀ. ಹೇಳೋಣ ಅಂತಿದ್ದೆ. ನೀವು ಡ್ಯೂಟಿ ಮೇಲಿದ್ರಿ."

"ಎಂಥಾ ಹೊಲಿಗೆ ಹಾಕ್ದೆ ನೀನು! ಆ ಒಳಗಿರೋ ಕೋಟು ಎಷ್ಟು ವರ್ಷದ್ದು?"

"ಮುನ್ನೂರು."

"ಅದು ಬಿಟ್ಟಿದ್ಯಾ?"

"ಒಂದು ಎಳೆ ಬಿಟ್ಟಿಲ್ಲ" ಎಂದರು ಟೀಚರಮ್ಮ, ನೋಟು ಪುಸ್ತಕ ಚೀಲಕ್ಕೆ ಹಾಕಿಕೊಳ್ಳುತ್ತ. "ಅದನ್ನ ಹಾಕ್ಕೊಂಡೋನು ಯಾರೋ ಪುಣ್ಯಾತ್ಮ. ಜನರನ್ನ ಸಾಲಲ್ಲಿ ನಿಲ್ಲಿಸೋಕೆ ಹೋಗಿಲ್ಲ ಅಂತ ಕಾಣುತ್ತೆ."

ರೂಮಿಗೆ ಹೋಗುವ ಬಸ್ಸಿನ ನಿಲ್ದಾಣ ಎದುರಿಗೇ ಇತ್ತು. ಸಾಹೇಬರು ಎರಡೂ ತೋಳು ಮೈಗೆ ಅಂಟಿಸಿಕೊಂಡು, ಕಟ್ಟಿಹಾಕಿದ ಪಾರ್ಸೆಲ್ಲಿನ ಹಾಗೆ ರಸ್ತೆ ದಾಟಿದರು. ಬಸ್ಸು ಬಂತು, ನಿಲ್ಲಲಿಲ್ಲ, ಹೋಯಿತು.

"ನೋಡ್ದೇನೇ! ಕಣ್ಣೆದುರಿಗೆ ಇಬ್ಬರು ನಿಂತಿದೀವಿ, ನಿಲ್ಲಿಸದೆ ಹೋದ! ಯಾವ ಸೀಮೆ ದೇಶ ಇದು? ದೂರು ಕೊಡ್ತೀನಿ!"

ಟೀಚರಮ್ಮ ಕಂಬದ ಮೇಲಿನ ಹಲಗೆ ಓದಿದರು. "ಇಲ್ಲಿ ಬಸ್ಸು ನಿಲ್ಲಬೇಕಾದ್ರೆ ಕೈ ಎತ್ತಬೇಕಂತೆ ರೀ. ನನ್ನ ಎರಡೂ ಕೈಲಿ ಚೀಲ ಇದೆ, ನೀವೇ ಎತ್ತಿ."

ಸಾಹೇಬರು ಸುತ್ತ ನೋಡಿದರು. ಅಷ್ಟರಲ್ಲಿ ನಿಲ್ದಾಣದ ತುಂಬ ಬೆಳಗಿನ ಸಾಲಿನವರೇ ಬಂದು ಬೇರೆ ಬೇರೆ ಬಸ್ಸಿಗೆ ಕಾಯುತ್ತಿದ್ದರು. ಆ ಪುಟ್ಟ ಹುಡುಗಿಯೂ ಇದ್ದಳು, ಅವರನ್ನೇ ಆಸೆಯಿಂದ ನೋಡುತ್ತಿದ್ದಳು. ದೂರದಲ್ಲಿ ಇನ್ನೊಂದು ಬಸ್ಸು ಕಾಣಿಸಿತು. ಹತ್ತಿರ ಬಂತು. ಸಾಹೇಬರು ಕೈ ಎತ್ತಲಿಲ್ಲ.

ಮುಂದಿನ ಗಾಡಿಗೆ ಕಾದರು.